ಮನೆಯವರನ್ನ ಒಂದು ಮಾತು ಕೇಳಿ

ಮಾತ್ರೆ ಅಂಗಿಯ ಗುಂಡಿಗಿಂತ ಚಿಕ್ಕದು. ಬಣ್ಣ ಬಿಳಿ, ಮುರಿಯಲು ಅನುಕೂಲವಾಗಲೆಂದು ನಡುವೆ ಒಂದು ಗೆರೆ. ಇಷ್ಟು ಸಣ್ಣ ವಸ್ತು ಒಂದೇ ಹಗಲಿನಲ್ಲಿ ಎರಡು ಮನೆ, ಒಂದು ಅಂಗಡಿ, ಒಂದು ಶಾಲೆ ಮತ್ತು ಒಬ್ಬ ನಿವೃತ್ತ ಫುಟ್‌ಬಾಲ್ ರೆಫರಿಯನ್ನು ಅಲ್ಲಾಡಿಸಿಬಿಡುತ್ತದೆ ಎಂದು ಆ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಕದಣ್ಣನಿಗೆ ಗೊತ್ತಿರಲಿಲ್ಲ.

ಕನ್ನಡಕದಣ್ಣ ಎಂದು ಕರೆಯುವುದು ಓಣಿಯವರು. ಅವನು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಗಿರಾಕಿಯನ್ನು ಮಬ್ಬುಗತ್ತಲ ಕೋಣೆಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಗಾಜು ಬದಲಿಸುತ್ತಾ "ಮೊದಲನೇದು ಚೆನ್ನಾಗಿ ಕಾಣುತ್ತಾ, ಎರಡನೇದಾ?" ಎಂದು ಕೇಳುವುದು ಅವನ ಕೆಲಸ. ತೀರ್ಮಾನ ಗಿರಾಕಿಯದು, ಇವನು ಬರೆದುಕೊಂಡರೆ ಮುಗಿಯಿತು. ಇದನ್ನೇ ಮಾಡಿ ಮಾಡಿ, ಸ್ವಂತಕ್ಕೊಂದು ತೀರ್ಮಾನ ಮಾಡುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿತ್ತು. ಹೊಸ ಚಪ್ಪಲಿ ಕೊಳ್ಳಬೇಕಾದರೂ ಅಂಗಡಿಯಲ್ಲಿ ಪಕ್ಕಕ್ಕೆ ನಿಂತ ಅಪರಿಚಿತರನ್ನು ಕೇಳುವ ಪೈಕಿ.

ಅವನಿಗೆ ಒಬ್ಬಳೇ ಮಗಳು, ಎರಡನೇ ಕ್ಲಾಸು. ಮನೆಯಲ್ಲಿ ಕರೆಯುವ ಹೆಸರು ಬುಗುರಿ, ಹೆಸರಿಗೆ ತಕ್ಕ ಹಾಗೇ ಇದ್ದಳು. ಕೂತಲ್ಲಿ ಕೂರುತ್ತಿರಲಿಲ್ಲ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದು ಕಾಲಿಗೆ ಹಾಕಿಕೊಳ್ಳುವುದರೊಳಗೆ ಜಗತ್ತಿನ ನಾಲ್ಕು ವಿಷಯ ನೆನಪಾಗಿ ಓಡಿಹೋಗಿರುತ್ತಿದ್ದಳು. ಮನೆಯಲ್ಲಿ ತಮಾಷೆಯಾಗಿದ್ದದ್ದು ಶಾಲೆಯಲ್ಲಿ ತಮಾಷೆಯಾಗಿ ಉಳಿಯಲಿಲ್ಲ. ಲೆಕ್ಕಗಳು ಅರ್ಧಕ್ಕೇ ನಿಂತವು, ಪಕ್ಕದಲ್ಲಿ ಕೂರುವವರು ಎದ್ದುಹೋದರು. ಒಂದು ದಿನ ಮನೆಗೆ ಬಂದವಳೇ "ನಾನು ಕೆಟ್ಟವಳಾ ಅಮ್ಮಾ?" ಎಂದು ಕೇಳಿದಳು.

ಅಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಕೈಗೆ ಬಂದದ್ದನ್ನು ತಡಮಾಡದೆ ಸೇರಬೇಕಾದಲ್ಲಿಗೆ ಕಳಿಸಿ ರೂಢಿಯಾದವಳು. ಮಾರನೆಯ ದಿನವೇ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಕೆಲವು ಸಲ ನೋಡಿ, ಶಾಲೆಯವರನ್ನೂ ವಿಚಾರಿಸಿ, ಮಗು ಒಳ್ಳೆಯದೇ, ಗಮನ ಮಾತ್ರ ಒಂದು ಕಡೆ ನಿಲ್ಲುತ್ತಿಲ್ಲ, ಅದಕ್ಕೊಂದು ಮಾತ್ರೆ ಇದೆ ಎಂದು ಬರೆದುಕೊಟ್ಟರು.

ಅವತ್ತು ಸಂಜೆ ಹೆಂಡತಿ ಬಂದು ಹೇಳಿದ್ದು ಇಷ್ಟೇ. "ರೀ, ಡಾಕ್ಟರ್ ಮಾತ್ರೆ ಬರೆದಿದ್ದಾರೆ. ಮನೆಯವರನ್ನ ಒಂದು ಮಾತು ಕೇಳಿ ಶುರು ಮಾಡಿ ಅಂದ್ರು."

ಕನ್ನಡಕದಣ್ಣ ಆಗ ಯಾರದೋ ಕನ್ನಡಕದ ಮುರಿದ ಕಡ್ಡಿ ಸರಿಮಾಡುತ್ತಿದ್ದ. ಸಾಸಿವೆಯಷ್ಟು ಸಣ್ಣ ಸ್ಕ್ರೂ ತುಟಿಗಳ ನಡುವೆ ಇದ್ದದ್ದರಿಂದ ಹೆಚ್ಚು ಮಾತಾಡುವಂತಿರಲಿಲ್ಲ. ಹಾಗಾದರೆ ಮನೆಯವರನ್ನೆಲ್ಲ ಕೇಳಬೇಕಲ್ಲಪ್ಪ ಎಂದು ಮನಸ್ಸಿನಲ್ಲೇ ಅಂದುಕೊಂಡ. ಆಮೇಲೆ ಕೆಲವು ವಾರ ಆ ಮಾತನ್ನೇ ಎತ್ತಲಿಲ್ಲ. ಮರೆತಿದ್ದಾನೆ ಎಂದು ನೋಡಿದವರು ಅಂದುಕೊಳ್ಳಬೇಕು, ಹಾಗಿದ್ದ. ಮರೆತಿರಲಿಲ್ಲ, ಹೆದರಿದ್ದ.

ಅಂಗಡಿ ಮುಚ್ಚಿ ಮನೆಗೆ ಬಂದರೆ ಬುಗುರಿ ಬಾಗಿಲಲ್ಲೇ ಅವನನ್ನು ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ಇರುವೆಗೆ ಕಣ್ಣು ಮಂಜಾದರೆ ಕನ್ನಡಕ ಹೇಗೆ ಹಾಕೋದು, ಅದಕ್ಕೆ ಕಿವಿಯೇ ಕಾಣೋದಿಲ್ಲವಲ್ಲ ಎನ್ನುವಂಥ ಪ್ರಶ್ನೆಗಳು. ಉತ್ತರ ಹೊಳೆಯುವುದರೊಳಗೆ ಇನ್ನೊಂದು. ಇಡೀ ದಿನದಲ್ಲಿ ಅವನಿಗೆ ಬಹಳ ಇಷ್ಟವಾದ ಹೊತ್ತು ಅದು. ಮಾತ್ರೆ ಕೊಟ್ಟ ಮೇಲೆ ಆ ಪ್ರಶ್ನೆಗಳು ನಿಂತುಹೋದರೆ? ಬಾಗಿಲಲ್ಲಿ ಯಾವುದೋ ಬೇರೆ ಮಗು ಕೈಕಟ್ಟಿ ಕೂತು "ಬಂದ್ರಾ ಅಪ್ಪಾ" ಎಂದು ಸುಮ್ಮನಾದರೆ? ಹಾಗಂತ ಬೇಡ ಎಂದುಬಿಟ್ಟರೆ ಶಾಲೆಯಲ್ಲಿ ಅವಳು ಒಬ್ಬಳೇ ಕೂರಬೇಕು. ಬೇಕು ಎನ್ನಲೂ ಬಾಯಿ ಬರದು, ಬೇಡ ಎನ್ನಲೂ ಬರದು.

ಹೀಗಿರುವಾಗ ಆ ಬೆಳಿಗ್ಗೆ ಹೆಂಡತಿ ಬ್ಯಾಗು ಹೆಗಲಿಗೇರಿಸಿ, ಬುಗುರಿಯ ಕೈಹಿಡಿದು, ಹೊಸಿಲಲ್ಲಿ ನಿಂತು ಹೇಳಿದಳು: "ರೀ, ನಾಳೆ ಡಾಕ್ಟರ್ ಹತ್ರ ಹೋಗ್ಬೇಕು. ಮಾತ್ರೆ ವಿಷಯ ಏನಂತ ಹೇಳೋದು, ಸಂಜೆ ಕೂತು ಮಾತಾಡೋಣ. ಈ ಸಲ ಬಾಯಲ್ಲಿ ಏನೂ ಇಟ್ಕೋಬೇಡಿ."

ಕನ್ನಡಿಯ ಮುಂದೆ ಕನ್ನಡಕದಣ್ಣ ಅರ್ಧ ಗಡ್ಡ ಕೆರೆದಿದ್ದ. ಸಂಜೆಗೆ ಗಡುವು, ಮನೆಯವರಲ್ಲಿ ಇನ್ನೂ ಒಬ್ಬರನ್ನೂ ಕೇಳಿಲ್ಲ. ರೇಜರ್ ಅಲ್ಲೇ ಇಟ್ಟು, ಕೈಗೆ ಸಿಕ್ಕ ಅಂಗಿ ತೊಟ್ಟು, ಹಿಂದಿನ ಬೀದಿಗೆ ಓಡಿದ. ಅಲ್ಲಿ ಅಕ್ಕನ ಮನೆ, ಅಮ್ಮ ಇರುವುದೂ ಅಲ್ಲೇ.

"ಮಾತ್ರೆನಾ? ಆ ಮಗುಗಾ?" ಅಮ್ಮ ಟೀ ಲೋಟ ಕೆಳಗಿಟ್ಟರು. "ಚಿಕ್ಕವನಿದ್ದಾಗ ನೀನೇನು ಕಡಿಮೆ ಇದ್ಯಾ? ಊಟಕ್ಕೆ ಕೂರಿಸಿದ್ರೆ ತುತ್ತು ತುತ್ತಿಗೂ ಮೇಜಿನ ಕೆಳಗೆ ಹೋಗಿ ಬರ್ತಿದ್ದೆ. ನಿನಗೆ ಯಾವ ಮಾತ್ರೆ ಕೊಟ್ವಿ? ಹಾಗೇ ದೊಡ್ಡವನಾಗ್ಲಿಲ್ವಾ? ನೋಡು ಈಗ ಹೇಗಿದೀಯ."

ಅಕ್ಕ ನೋಡಿದಳು. ತಮ್ಮನ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರಲ್ಲಿ ಗಡ್ಡದ ಜೊತೆಗೆ ಒಣಗಿದ ಸೋಪಿನ ನೊರೆಯೂ ಇತ್ತು. ಅಂಗಿಯ ಗುಂಡಿಗಳು ಒಂದೊಂದು ಮನೆ ಮೇಲಕ್ಕೆ ಹೋಗಿದ್ದವು.

"ನೋಡೇ ಹೇಳ್ತಿದೀನಮ್ಮಾ," ಎಂದಳು ಅಕ್ಕ. "ಇವನಿಗೂ ಕೊಟ್ಟಿದ್ರೆ ಚೆನ್ನಾಗಿತ್ತು."

"ನಿಮ್ಮ ಮಾವನ್ನ ಕೇಳಿದ್ಯಾ?" ಎಂದರು ಅಮ್ಮ.

"ಇನ್ನೂ ಇಲ್ಲ."

"ಮೊದಲು ಕೇಳು. ಆಮೇಲೆ ಎಲ್ಲಾ ನಾವೇ ಮಾಡಿದ್ವಿ ಅಂತ ಮಾತು ಬರೋದು ಬೇಡ."

ಮಾವ ಎಂದರೆ ಹೆಂಡತಿಯ ತಂದೆ, ಆ ನಿವೃತ್ತ ರೆಫರಿ. ಮೈದಾನ ಬಿಟ್ಟು ಬಹಳ ಕಾಲವಾಗಿದ್ದರೂ ಸಂಸಾರದಲ್ಲಿ ಯಾವ ಇಬ್ಬರು ಮಾತಿಗೆ ಮಾತು ಬೆಳೆಸಿದರೂ ನಡುವೆ ಬಂದು ನಿಲ್ಲುತ್ತಿದ್ದರು. ಕನ್ನಡಕದಣ್ಣ ಅಂಗಡಿಯ ದಾರಿಯಲ್ಲಿ ನಡೆಯುತ್ತಲೇ ಫೋನ್ ಮಾಡಿದ.

"ನಿಲ್ಲಿ ಅಳಿಯಂದ್ರೇ, ಗಡಿಬಿಡಿ ಬೇಡ," ಎಂದರು ಮಾವ. "ಈಗ ಆಟ ಎಲ್ಲಿಗೆ ಬಂದಿದೆ, ಅದನ್ನ ಹೇಳಿ."

"ಅಮ್ಮ ಬೇಡ ಅಂದ್ರು, ಅಕ್ಕ ಬೇಕು ಅಂದ್ಲು."

"ಅಂದ್ರೆ ಸಮ ಸಮ. ಎರಡೂ ಕಡೆಯವರನ್ನ ಎದುರಿಗೆ ನೋಡದೆ ನಾನು ಯಾವತ್ತೂ ಸೀಟಿ ಊದಿದವನಲ್ಲ. ಸಂಜೆ ಬರ್ತೀನಿ, ಎಲ್ಲರನ್ನೂ ಸೇರ್ಸಿ." ಇವನು ಏನೋ ಹೇಳಲು ಹೋಗುವಷ್ಟರಲ್ಲಿ ಫೋನ್ ಇಟ್ಟರು.

ಅಂಗಡಿಗೆ ಬರುವಷ್ಟರಲ್ಲಿ ಗಿರಾಕಿ ಕಾಯುತ್ತಿದ್ದರು. ಬಸ್ ಡ್ರೈವರ್, ದಪ್ಪ ಮೀಸೆಯ ಮನುಷ್ಯ. ಕನ್ನಡಕದಣ್ಣ ಅವರನ್ನು ಕೂರಿಸಿ, ಚೌಕಟ್ಟು ಏರಿಸಿ, ಗಾಜು ಬದಲಿಸತೊಡಗಿದ. ಕೈ ಇಲ್ಲಿತ್ತು, ತಲೆ ಇನ್ನೆಲ್ಲೋ ಇತ್ತು.

"ಈಗ ಹೇಳಿ, ಕೊಡೋದು ಒಳ್ಳೇದಾ, ಕೊಡದೇ ಇರೋದಾ?"

"ಎರಡೂ ಮಸುಕೇ ಇದೆ," ಎಂದರು ಡ್ರೈವರು.

"ನನಗೂ ಹಾಗೇ ಇದೆ."

ಡ್ರೈವರು ಚೌಕಟ್ಟಿನ ಸಮೇತ ಅವನ ಕಡೆ ತಿರುಗಿದರು. ವಿಷಯ ತಿಳಿದ ಮೇಲೆ ಮೀಸೆ ನೀವಿಕೊಂಡು, "ಡಾಕ್ಟರ್ ಹೇಳಿದ ಹಾಗೆ ಕೇಳಿ ಸ್ವಾಮಿ, ಸುಮ್ನೆ," ಎಂದರು. "ಬಸ್ಸಲ್ಲಿ ಕೂತೋರೆಲ್ಲ ನನಗೆ ಸಲಹೆ ಕೊಡೋಕೆ ನಿಂತ್ರೆ ಬಸ್ಸು ಊರು ಸೇರುತ್ತಾ?" ಆ ಮಾತು ಕನ್ನಡಕದಣ್ಣನ ಮನಸ್ಸಿಗೆ ಹಿಡಿಸಿತು. ಇನ್ನೇನು ಹಿಡಿಸಿತು ಅನ್ನುವಾಗ ಡ್ರೈವರು, "ಆದ್ರೂ ಒಂದ್ಸಲ ನನ್ನ ಹೆಂಡತೀನ ಕೇಳಿ ಹೇಳ್ತೀನಿ, ತಡೀರಿ," ಎಂದು ಫೋನ್ ತೆಗೆದರು.

ಅಷ್ಟು ಹೊತ್ತಿಗೆ ಕೆಳಮನೆಯಾಕೆ ಬಂದರು. ಕನ್ನಡಕದಣ್ಣನ ಮನೆಯ ಕೆಳಗಿನ ಮನೆಯಲ್ಲಿ ಇರುವವರು. ಬುಗುರಿಯ ಓಡಾಟವನ್ನು ತಮ್ಮ ಮನೆಯ ಸೂರಿನ ಮೂಲಕ ದಿನಾ ಕೇಳುವವರು. ದಿನಾ ಬೆಳಗಿನ ವಾಕಿಂಗಿನಲ್ಲಿ ಅಕ್ಕನ ಜೊತೆಗಾತಿ, ಹಾಗಾಗಿ ಅಕ್ಕನ ಫೋನಿನಲ್ಲಿ ಸುದ್ದಿ ಬಿಸಿಬಿಸಿಯಾಗಿಯೇ ತಲುಪಿತ್ತು. ಕನ್ನಡಕ ಒರೆಸುವ ಬಟ್ಟೆ ಬೇಕು ಎಂಬ ನೆಪದಲ್ಲಿ ಬಂದು ಸ್ಟೂಲಿನ ಮೇಲೆ ಕೂತರು.

"ಯೋಚನೆ ಮಾಡಿ ಕನ್ನಡಕದಣ್ಣ. ನಮ್ಮ ದೊಡ್ಡಮ್ಮನ ಪಕ್ಕದ ಮನೆ ಹುಡುಗನಿಗೆ ಇಂಥದ್ದೇ ಮಾತ್ರೆ ಕೊಟ್ರು. ಎಷ್ಟು ಶಾಂತ ಆಗ್ಬಿಟ್ಟ ಅಂದ್ರೆ, ಹಿಂದಿನಿಂದ ಕರೆದ್ರೂ ತಿರುಗಿ ನೋಡಲ್ಲ."

ಕನ್ನಡಕದಣ್ಣ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ. "ಕರೆದ್ರೂ ನೋಡಲ್ವಾ?"

"ಊಹ್ಞೂ. ಕಿವಿ ಸ್ವಲ್ಪ ಮಂದ, ಅದು ಮೊದಲಿಂದಲೂ ಇದೆ. ಆದ್ರೂ."

ಈ 'ಆದ್ರೂ' ಕನ್ನಡಕದಣ್ಣನೊಳಗೆ ಮುಳ್ಳಿನಂತೆ ಕೂತುಬಿಟ್ಟಿತು. ಆ ಗುಂಗಿನಲ್ಲೇ ಡ್ರೈವರರ ಎಡಗಣ್ಣಿನ ನಂಬರನ್ನು ಬಲಗಣ್ಣಿಗೂ ಬಲಗಣ್ಣಿನದನ್ನು ಎಡಗಣ್ಣಿಗೂ ಬರೆದ. ಪುಣ್ಯಕ್ಕೆ ಅಂಗಡಿಯ ಯಜಮಾನರು ಅದನ್ನು ನೋಡಿದರು. ನೋಡಿ, ಬಸ್ಸಿನಲ್ಲಿ ಹೋಗುವವರನ್ನೆಲ್ಲ ನೆನೆದು ಒಂದು ನಿಟ್ಟುಸಿರು ಬಿಟ್ಟರು.

"ಇವತ್ತು ನೀವು ಯಾರ ಕಣ್ಣಿನ ತಂಟೆಗೂ ಹೋಗ್ಬೇಡಿ," ಎಂದರು. "ಮನೆಗೆ ಹೋಗಿ. ಹೋಗ್ತಾ ಆ ಇನ್ನೊಂದು ಕೆನ್ನೆನೂ ಒಂದು ದಡ ಮುಟ್ಟಿಸಿ."

ಬೀದಿಗೆ ಬಿದ್ದ ಕನ್ನಡಕದಣ್ಣ ಮನೆಗೆ ಹೋಗಲಿಲ್ಲ, ಶಾಲೆಗೆ ಹೋದ. ಬುಗುರಿಯ ಟೀಚರನ್ನು ಮನೆಯವರೆನ್ನಲಾಗದು, ನಿಜ. ಆದರೆ ಮನೆಯವರಿಗಿಂತ ಹೆಚ್ಚು ಹೊತ್ತು ಅವಳನ್ನು ಸಹಿಸಿಕೊಳ್ಳುವವರು ಅವರೇ. ಬಿಡುವಿನ ಹೊತ್ತು. ಟೀಚರು ಒಂದು ಕೈಯಲ್ಲಿ ಬಣ್ಣದ ಪೆನ್ಸಿಲುಗಳ ಡಬ್ಬ ಹಿಡಿದು ಕಾರಿಡಾರಿನಲ್ಲೇ ಸಿಕ್ಕರು. ಇವನನ್ನು ಕಂಡು ನಕ್ಕರು, ಬೈಯಲು ಬಂದ ನಗೆಯಲ್ಲ.

"ನಾನೇ ಫೋನ್ ಮಾಡೋಣ ಅಂತಿದ್ದೆ ಸಾರ್. ಏನ್ ಮಾಡಿದ್ರಿ ನೀವು?"

"ಯಾಕೆ, ಏನಾಯ್ತು?" ಕನ್ನಡಕದಣ್ಣ ಗೋಡೆ ಹಿಡಿದುಕೊಂಡ.

"ಈಗ ಕೆಲವು ವಾರದಿಂದ ನೋಡ್ತಿದೀನಿ. ಲೆಕ್ಕ ಪೂರ್ತಿ ಮಾಡ್ತಾಳೆ. ಕಥೆ ಹೇಳಿದ್ರೆ ಕೊನೇವರೆಗೂ ಕೂತು ಕೇಳ್ತಾಳೆ, ಮುಗಿದ ಮೇಲೆ ಇಪ್ಪತ್ತು ಪ್ರಶ್ನೆ ಕೇಳ್ತಾಳೆ. ನಿನ್ನೆ ಅವಳ ಪಕ್ಕ ಕೂರೋಕೆ ಇಬ್ಬರು ಜಗಳ ಆಡಿದ್ರು ಸಾರ್. ಮನೇಲಿ ಏನೋ ಮಾಡಿದೀರಿ, ಹೇಳ್ಬೇಕು."

ಕನ್ನಡಕದಣ್ಣನ ಕಣ್ಣು ತುಂಬಿ ಬಂತು. ಮಗಳ ಪಕ್ಕ ಕೂರಲು ಜಗಳ. ಇದಕ್ಕಿಂತ ದೊಡ್ಡ ಸುದ್ದಿ ಅವನು ಈಚೆಗೆ ಕೇಳಿರಲಿಲ್ಲ. ಮೂಗೊರೆಸಿಕೊಂಡು, ಎದೆ ಸ್ವಲ್ಪ ಮುಂದೆ ಮಾಡಿ, "ನಾವೇನೂ ಮಾಡಿಲ್ಲ ಮಿಸ್," ಎಂದ. "ಪ್ರೀತಿ, ಅಷ್ಟೇ."

"ಹಾಗಾ?" ಎಂದರು ಟೀಚರು, ಅಷ್ಟೇನೂ ನಂಬದೆ.

ಶಾಲೆಯ ಗೇಟು ದಾಟುವಾಗ ಕನ್ನಡಕದಣ್ಣನ ಕಾಲು ನೆಲದ ಮೇಲೆ ಇರಲಿಲ್ಲ. ಇಷ್ಟು ದಿನ ಮುಂದೂಡಿದ್ದು ಹೇಡಿತನವಲ್ಲ, ದೂರದೃಷ್ಟಿ ಎಂದು ಈಗ ಅವನಿಗೆ ಹೊಳೆಯಿತು. ಮಾತ್ರೆಯೇ ಇಲ್ಲದೆ ಮಗು ಸರಿಹೋಗಿದೆ. ಪ್ರಶ್ನೆಗಳೂ ಹೋಗಿಲ್ಲ, ಗೆಳತಿಯರೂ ಸಿಕ್ಕಿದ್ದಾರೆ. ಬೇಡ ಎಂದು ಹೇಳಲು ಇನ್ನೇನು ಬೇಕು? ದಾರಿಯುದ್ದಕ್ಕೂ ಒಬ್ಬೊಬ್ಬರಿಗೂ ಫೋನ್ ಮಾಡಿ ಟೀಚರ ಮಾತನ್ನು ಒಪ್ಪಿಸಿದ. ಒಂದೊಂದು ಫೋನಿಗೂ ಜಗಳವಾಡುವ ಮಕ್ಕಳ ಸಂಖ್ಯೆ ಸ್ವಲ್ಪ ಸ್ವಲ್ಪ ಏರುತ್ತಿತ್ತು.

ಸಂಜೆಗೆ ನಡುಮನೆ ತುಂಬಿತು. ಅಮ್ಮ ಸೋಫಾದಲ್ಲಿ, ಅಕ್ಕ ಅದರ ತೋಳಿನ ಮೇಲೆ. ಕೆಳಮನೆಯಾಕೆ ತಮ್ಮ ಮನೆಯಿಂದಲೇ ಕುರ್ಚಿ ತಂದಿದ್ದರು. ಮಾವ ಕೂರಲಿಲ್ಲ, ಎಲ್ಲರೂ ಕಾಣುವಂತೆ ಕೋಣೆಯ ನಟ್ಟನಡುವೆ ನಿಂತರು. ಬುಗುರಿ ಮೇಜಿನ ಕೆಳಗೆ ಅಂಗಾತ ಮಲಗಿ, ಮೇಜಿನ ತಳಕ್ಕೆ ಕಾಗದ ಅಂಟಿಸಿಕೊಂಡು ಚಿತ್ರ ಬರೆಯುತ್ತಿದ್ದಳು. ಹೆಂಡತಿ ಇನ್ನೂ ಬಂದಿರಲಿಲ್ಲ. ಬರುವುದರೊಳಗೆ ಸಭೆ ಮುಗಿದೇಹೋಗಿತ್ತು ಎನ್ನಬೇಕು. ಅಮ್ಮ ಮೊದಲಿನಿಂದಲೂ ಬೇಡ ಎಂದವರು, ಅಕ್ಕ ಟೀಚರ ಮಾತು ಕೇಳಿ ಪಕ್ಷ ಬದಲಿಸಿದ್ದಳು, ಕೆಳಮನೆಯಾಕೆ ಈಚೆಗೆ ಸೂರಿನ ಸದ್ದು ಎಷ್ಟು ಕಡಿಮೆಯಾಗಿದೆ ಎಂದು ಸಾಕ್ಷಿ ಹೇಳಿದ್ದರು. ಮಾವ ಎಲ್ಲರ ಮುಖ ನೋಡಿ, "ಬೇಡ. ಒಮ್ಮತ," ಎಂದು ಘೋಷಿಸಿದರು.

ಆಗ ಹೆಂಡತಿ ಬಂದಳು. ಬಾಗಿಲಲ್ಲಿ ಇಷ್ಟು ಜೋಡಿ ಚಪ್ಪಲಿ ಕಂಡು ಗಾಬರಿಯಾಗಿ, "ಯಾರಿಗೇನಾಯ್ತು?" ಎಂದು ಕೇಳಿದಳು.

"ಯಾರಿಗೂ ಏನೂ ಆಗಿಲ್ಲ. ಕೂತ್ಕೋ," ಎಂದ ಕನ್ನಡಕದಣ್ಣ. ಇಂಥ ಧ್ವನಿ ಅವನ ಗಂಟಲಿನಲ್ಲಿ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. "ಮನೆಯವರನ್ನೆಲ್ಲ ಕೇಳಿದೀನಿ. ಒಬ್ಬರನ್ನೂ ಬಿಟ್ಟಿಲ್ಲ. ಮಾತ್ರೆ ಬೇಡ. ಶಾಲೆಗೂ ಹೋಗಿದ್ದೆ. ಅವಳು ಎಷ್ಟು ಬದಲಾಗಿದಾಳೆ ಅಂತ ಟೀಚರೇ ಹೇಳಿದ್ರು. ಒಂದು ಮಾತ್ರೇನೂ ಇಲ್ಲದೆ, ಬರೀ ನಮ್ಮ ಪ್ರೀತಿಯಿಂದ."

ಹೆಂಡತಿ ಬ್ಯಾಗು ಕೆಳಗಿಟ್ಟಳು. ಅವನನ್ನು ನೋಡಿದಳು, ಸಭೆಯನ್ನು ನೋಡಿದಳು.

"ಮಾತ್ರೆ ಇಲ್ಲದೆ ಅಂತ ಯಾರು ಹೇಳಿದ್ರು?"

ಕನ್ನಡಕದಣ್ಣ ಮಾವನ ಕಡೆ ತಿರುಗಿದ.

"ದಿನಾ ಬೆಳಿಗ್ಗೆ ಕೊಡ್ತಿದೀನಲ್ಲ. ಡಾಕ್ಟರ್ ಹೇಳಿದ ಮಾರನೇ ದಿನದಿಂದಲೇ."

"ಮನೆಯವರನ್ನ ಕೇಳಿ ಶುರು ಮಾಡಿ ಅಂದಿದ್ರಲ್ಲ ಡಾಕ್ಟರು? ಕೇಳದೆ ಹೇಗೆ ಶುರು ಮಾಡ್ದೆ?"

"ಕೇಳ್ದೆನಲ್ಲ."

"ಯಾರನ್ನ?"

"ರೀ, ನನಗೆ ಎಷ್ಟು ಜನ ಮನೆಯವರಿದಾರೆ?" ಎಂದಳು ಹೆಂಡತಿ. "ನೀವೊಬ್ಬರೇ. ಅವತ್ತು ಇಲ್ಲೇ ಕೂತಿದ್ರಿ. ಸ್ಕ್ರೂ ಕಚ್ಚಿಕೊಂಡು 'ಹ್ಞೂ' ಅಂದ್ರಿ. ಸರಿಯಾಗಿ ಕೇಳಿಸ್ಲಿಲ್ಲ ಅಂತ ಇನ್ನೊಂದು ಸಲ ಕೇಳ್ದೆ. ಆಗ ತಲೆನೂ ಆಡಿಸಿದ್ರಿ."

ಮೇಜಿನ ಕೆಳಗಿನಿಂದ ಬುಗುರಿಯ ತಲೆ ಹೊರಬಂತು. "ಅಪ್ಪಂಗೆ ಗೊತ್ತೇ ಇಲ್ವಾ ಅಮ್ಮಾ? ನಾನು ಮಾತ್ರೆ ತಗೊಳ್ಳುವಾಗ ಅಪ್ಪ ಬಾತ್‌ರೂಮಲ್ಲಿ ಹಾಡು ಹೇಳ್ತಿರ್ತಾರೆ. ಆ ಹಾಡು ಕೇಳೋಕಾಗಲ್ಲ, ಅದಕ್ಕೇ ಬೇಗ ನುಂಗಿ ಓಡ್ತೀನಿ." ಇಷ್ಟು ಹೇಳಿ ಮತ್ತೆ ಒಳಗೆ ಹೋದಳು.

ಕನ್ನಡಕದಣ್ಣ ಕೂತುಬಿಟ್ಟ. ಗೊತ್ತಿಲ್ಲದೆ ಒಪ್ಪಿಗೆ ಕೊಟ್ಟಿದ್ದಕ್ಕೆ ನಾಚಿಕೆ, ಮಗಳ ಬಗ್ಗೆ ತನಗಿಂತ ಮಾತ್ರೆಯ ಡಬ್ಬಿಗೇ ಹೆಚ್ಚು ಗೊತ್ತಿತ್ತಲ್ಲ ಎಂಬ ಕಸಿವಿಸಿ, ಎರಡೂ ಒಟ್ಟಿಗೆ ಬಂದವು. ಅದರ ಹಿಂದೆಯೇ ಒಂದು ದೊಡ್ಡ ನೆಮ್ಮದಿಯೂ ಬಂತು. ಅವನು ಹೆದರಿಕೊಂಡು ಕೂತಿದ್ದ ದಿನ ಬಂದು, ನಡೆದು, ಹಳೆಯದಾಗಿಯೂ ಹೋಗಿತ್ತು. ಇಷ್ಟು ವಾರವೂ ಬಾಗಿಲಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ಅದೇ ಬುಗುರಿ. ಒಂದು ಪ್ರಶ್ನೆಯೂ ಕಡಿಮೆಯಾಗಿರಲಿಲ್ಲ.

ನೆಮ್ಮದಿಯನ್ನು ಪೂರ್ತಿ ಅನುಭವಿಸಲು ಸಭೆ ಬಿಡಲಿಲ್ಲ.

"ಹ್ಞೂ ಅಂದವನು ನೀನೇ ಆದ್ರೆ, ಬೆಳಿಗ್ಗೆ ಬಂದು ನನ್ನ ಪ್ರಾಣ ಯಾಕೆ ತಿಂದ್ಯೋ?" ಎಂದರು ಅಮ್ಮ.

"ನಾನು ಮೊದಲೇ ಬೇಕು ಅಂದಿದ್ದೆ," ಎಂದಳು ಅಕ್ಕ, ಮತ್ತೆ ಹಳೆಯ ಪಕ್ಷಕ್ಕೆ ಬಂದು.

"ಆಟ ಮುಗಿದ ಮೇಲೆ ರೆಫರಿನ ಕರೆಸಿದಾರೆ," ಎಂದು ಮಾವ ಗೋಡೆಗೆ ಹೇಳಿದರು.

ಕೆಳಮನೆಯಾಕೆ ಏನೂ ಹೇಳಲಿಲ್ಲ. ಅಷ್ಟು ಸೊಗಸಾದ ಸಂಗತಿಯನ್ನು ಅವರು ನಾಳೆಯ ವಾಕಿಂಗಿಗೆ ತೆಗೆದಿಟ್ಟುಕೊಳ್ಳುತ್ತಿದ್ದರು.

ಹೆಂಡತಿ ಗಂಡನ ಪಕ್ಕದಲ್ಲಿ ಬಂದು ಕೂತಳು. ಅವನ ಅರ್ಧ ಗಡ್ಡವನ್ನು ನೋಡಿ ಬಂದ ನಗೆಯನ್ನು ತಡೆದುಕೊಂಡು, ಮೆತ್ತಗೆ ಹೇಳಿದಳು. "ಹೋಗ್ಲಿ ಬಿಡಿ. ನಾಳೆ ಡಾಕ್ಟರ್ ಕೇಳೋದು ಬೇರೆ. ಈಗ ಕೊಡ್ತಿರೋದು ಸಾಕಾ, ಸ್ವಲ್ಪ ಜಾಸ್ತಿ ಮಾಡಿ ನೋಡೋದಾ, ನಿಮಗೆ ಮನೇಲಿ ಹೇಗೆ ಕಾಣ್ತಿದೆ ಅಂತ ಕೇಳ್ತಾರೆ. ಅದನ್ನ ಮಾತಾಡೋಣ ಅಂದಿದ್ದೆ ನಾನು. ನೀವೇನಂತೀರಿ?"

ಕನ್ನಡಕದಣ್ಣ ಅಮ್ಮನ ಕಡೆ ನೋಡಿದ. ಅಮ್ಮ ಸೆರಗಿನ ಅಂಚು ಸರಿಮಾಡಿಕೊಂಡರು. ಅಕ್ಕನ ಕಡೆ ನೋಡಿದ. "ನನ್ನ ಯಾಕೋ ನೋಡ್ತೀಯ? ಅವಳು ಮನೆಯವರನ್ನ ಕೇಳ್ತಿದಾಳೆ," ಎಂದಳು ಅಕ್ಕ. ಮಾವ ಎರಡೂ ಕೈ ಹಿಂದೆ ಕಟ್ಟಿಕೊಂಡರು. ಬೆಳಗಿನಿಂದ ಬೀದಿಯಲ್ಲಿ ಹರಿದಾಡಿದ ಅಷ್ಟೊಂದು ಅಭಿಪ್ರಾಯಗಳಲ್ಲಿ ಒಂದೂ ಈಗ ನಡುಮನೆಯಲ್ಲಿ ಉಳಿದಿರಲಿಲ್ಲ.

ಮೊದಲನೆಯದಾ, ಎರಡನೆಯದಾ? ಈ ಸಲ ಕುರ್ಚಿಯಲ್ಲಿ ಕೂತವನು ಅವನೇ. ಅವನು ಕಣ್ಣು ಮುಚ್ಚಿದ. ಈ ಕೆಲವು ವಾರದ ಸಂಜೆಗಳನ್ನು ನೆನೆದ. ಊಟಕ್ಕೆ ಕೂತವಳು ಊಟ ಮುಗಿಸಿಯೇ ಏಳುತ್ತಿದ್ದದ್ದು, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿದ್ದದ್ದು, ಕಿಟಕಿಯಲ್ಲಿ ಕೂತು ತನ್ನಷ್ಟಕ್ಕೆ ನಗುತ್ತಿದ್ದದ್ದು. ಕಂಡಿದ್ದ, ಕಂಡದ್ದು ಏನೆಂದು ಮಾತ್ರ ತಿಳಿದಿರಲಿಲ್ಲ.

"ಈಗಿರೋ ಹಾಗೇ ಇರಲಿ," ಎಂದ. ಧ್ವನಿ ಮೊದಲು ಸಣ್ಣಗೆ ಬಂತು, ಆಮೇಲೆ ಗಟ್ಟಿಯಾಯಿತು. "ಜಾಸ್ತಿ ಬೇಡ, ನಿಲ್ಲಿಸೋದೂ ಬೇಡ. ಅವಳು ಚೆನ್ನಾಗಿದಾಳೆ. ನಾನು ನೋಡಿದೀನಿ. ಡಾಕ್ಟರಿಗೆ ನಾಳೆ ನಾನೇ ಬಂದು ಹೇಳ್ತೀನಿ."

"ನನಗೂ ಹಾಗೇ ಅನ್ನಿಸಿತ್ತು," ಎಂದಳು ಹೆಂಡತಿ, ಮತ್ತು ಎಷ್ಟೋ ದಿನದ ಮೇಲೆ ಅವನ ಕೈಮೇಲೆ ಕೈಯಿಟ್ಟಳು.

ಕನ್ನಡಕದಣ್ಣನಿಗೆ ತಾನು ಒಂದು ಅಡಿ ಎತ್ತರವಾದಂತೆ ಅನ್ನಿಸಿತು. ಯಾರನ್ನೂ ಕೇಳದೆ, ಬಾಯಲ್ಲಿ ಏನೂ ಇಲ್ಲದೆ, ಸ್ವಂತ ಬುದ್ಧಿಯಿಂದ ಮಾಡಿದ ತೀರ್ಮಾನ. ಅದರ ರುಚಿ ಹೇಗಿರುತ್ತದೆಂದು ನೋಡುತ್ತಾ ಅವನು ಸೋಫಾಕ್ಕೆ ಒರಗಿದ.

"ಅಲ್ಲ ಕಣೋ," ಎಂದರು ಅಮ್ಮ. ಮುಖ ಕೆಂಪಾಗಿತ್ತು. "ಹಿರಿಯರು ಇಷ್ಟು ಜನ ಎದುರಿಗೇ ಕೂತಿದೀವಿ. ನಮ್ಮನ್ನ ಒಂದು ಮಾತು ಕೇಳದೇನೇ ತೀರ್ಮಾನ ಮಾಡಿಬಿಟ್ಯಾ?"

"ನನಗೂ ಅದೇ ಬೇಜಾರು," ಎಂದಳು ಅಕ್ಕ.

ಮಾವ ಗಂಟಲು ಸರಿಮಾಡಿಕೊಂಡು ಕೋಣೆಯ ನಡುವಿಗೆ ಬಂದರು. ಕೆಳಮನೆಯಾಕೆ ಹೊರಡಲು ಎದ್ದವರು, ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಕೂತರು.